ನೋಡೋಕೆ ಹೇಗಿದ್ದಾಳೆ ನಿಮ್ಮ ಮಗಳು?

ಜೂನ್ ೧೧

ಅಪ್ಪನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿಮಗೆ ತಿಳಿದಿರುತ್ತದೆ. ಹರಿದೆಸೆಯದೆ ಇಲ್ಲಿಯವರೆಗೆ ಓದಿದ್ದರೆ ಅರ್ಧ ಕೆಲಸ ಆದಂತೆಯೇ. ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ಕೆದಕಿದರೆ ನಮ್ಮಿಬ್ಬರಲ್ಲಿ ಯಾರ ಬಾಯಿಯೂ ಸುಮ್ಮನಿರುವುದಿಲ್ಲ, ಅದು ಇಬ್ಬರಿಗೂ ಗೊತ್ತು.

ನನಗೊಂದು ಕೆಲಸ ಸಿಕ್ಕಿದೆ. ನಾಲ್ಕು ದಿಕ್ಕಿನ ಗಾಡಿಗಳು ಬಂದು ಸೇರುವ ದೊಡ್ಡ ರೈಲು ನಿಲ್ದಾಣದಲ್ಲಿ ದುಡಿಯುವವರಿಗೆ ಮೊದಲಿನಿಂದ ಇಂಗ್ಲಿಷ್ ಕಲಿಸುವ ಕೆಲಸ. ಪಾರ್ಸೆಲ್ ಕೋಣೆಯ ಹಿಂದಿನ ಗೋದಾಮೇ ನಮ್ಮ ತರಗತಿ. ಗಾಡಿ ಬಂದರೆ ಗೋಡೆ ನಡುಗಿ ಬೋರ್ಡಿನಿಂದ ಸೀಮೆಸುಣ್ಣದ ಪುಡಿ ಉದುರುತ್ತದೆ. ಅದು ಹೋಗುವವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂರಬೇಕು. ನನಗೆ ತಕ್ಕ ಶಿಕ್ಷೆ ಎಂದು ನೀವು ನಗುತ್ತಿರಬಹುದು.

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನನಗಿಂತ ದೊಡ್ಡವರು. ಪೋರ್ಟರ್ ಅಣ್ಣ ಬೆಂಚಿನಲ್ಲೂ ತಲೆಯ ಮೇಲೆ ಪೆಟ್ಟಿಗೆ ಇದ್ದವನಂತೆ ಕತ್ತು ನೆಟ್ಟಗಿಟ್ಟು ಕೂರುತ್ತಾನೆ. ಸಾಮಾನು ಕೋಣೆಯ ಗುಮಾಸ್ತ ಯಾರನ್ನೂ ಸುಲಭಕ್ಕೆ ನಂಬುವವನಲ್ಲ, ನಾನು ಬರೆದ ಕಾಗುಣಿತವನ್ನೂ ನಂಬುವುದಿಲ್ಲ. ಗಾಡಿಗಳ ಹೊತ್ತು ಮೈಕಿನಲ್ಲಿ ಹೇಳುವ ಹುಡುಗಿಯೊಬ್ಬಳಿದ್ದಾಳೆ, ಅವಳು ಗುಡ್ ಮಾರ್ನಿಂಗ್ ಎಂದರೂ ಎಲ್ಲೋ ಗಾಡಿ ಹೊರಟಿತೇನೋ ಎನ್ನಿಸುತ್ತದೆ. ಇನ್ನೊಬ್ಬಳು ಪ್ರಯಾಣಿಕರು ತಂಗುವ ಕೋಣೆಯನ್ನು ನೋಡಿಕೊಳ್ಳುವವಳು. ಎಲ್ಲರೂ ಅವಳನ್ನು ವೇಟಿಂಗ್ ರೂಮ್ ಅಕ್ಕ ಎನ್ನುತ್ತಾರೆ. ಮಾತು ಕಡಿಮೆ. ಮುಂದಿನ ಬೆಂಚು ಬಿಟ್ಟು ಬೇರೆ ಕಡೆ ಕೂರುವುದಿಲ್ಲ.

ಈ ವಾರ ಜನರನ್ನು ಬಣ್ಣಿಸುವ ಪದಗಳ ಪಾಠ. ಪೋರ್ಟರ್ ಅಣ್ಣನನ್ನು ನಿಲ್ಲಿಸಿ ಟಾಲ್ ಎಂದೆ, ಎತ್ತರ. ಗುಮಾಸ್ತನನ್ನು ನಿಲ್ಲಿಸಿ ಶಾರ್ಟ್ ಎಂದೆ. ಅವನು ಮುಖ ಊದಿಸಿಕೊಂಡ. ಥಿನ್, ಫ್ಯಾಟ್, ಓಲ್ಡ್, ಯಂಗ್ ಎಲ್ಲ ಆಯಿತು. ಗುಣ ಹೇಳುವ ಪದಕ್ಕೆ ಉದಾಹರಣೆ ಬೇಕಾಗಿ 'ನನ್ನ ಅಪ್ಪ ಸ್ಟ್ರಿಕ್ಟ್' ಎಂದು ಬೋರ್ಡಿನಲ್ಲಿ ಬರೆದೆ. ಎಲ್ಲರೂ ಬರೆದುಕೊಂಡರು. ಈಗ ನೀವು ಒಂದು ರೈಲು ನಿಲ್ದಾಣಕ್ಕೆಲ್ಲ ಗೊತ್ತು.

ಮಾರನೆಯ ದಿನ, ಮನೆಯವರಲ್ಲಿ ಒಬ್ಬರನ್ನು ಬಣ್ಣಿಸಿ ಎಂದೆ. ವೇಟಿಂಗ್ ರೂಮ್ ಅಕ್ಕ ಎದ್ದು ನಿಂತು, ಕೈಕಟ್ಟಿಕೊಂಡು, "ಮೈ ಡಾಟರ್. ಸ್ಮಾಲ್. ಫ್ಯಾಟ್. ಕರ್ಲಿ ಹೇರ್" ಎಂದಳು. ಪುಟ್ಟ, ದುಂಡು, ಗುಂಗುರು ಕೂದಲಿನ ಮಗು ನನ್ನ ಕಣ್ಣಿಗೆ ಕಟ್ಟಿತು. ಒಂದು ತಪ್ಪೂ ಇಲ್ಲ. ನನ್ನ ಖುಷಿಗೆ ಲಂಗುಲಗಾಮಿಲ್ಲದೆ, "ಭೇಷ್ ಅಕ್ಕ! ನಾಳೆ ಅವಳನ್ನೂ ಕರ್ಕೊಂಡ್ ಬನ್ನಿ, ನಾವೂ ನೋಡೋಣ" ಎಂದುಬಿಟ್ಟೆ.

ಯಾರೂ ತುಟಿ ಬಿಚ್ಚಲಿಲ್ಲ. ಆಗ ಯಾವ ಗಾಡಿಯೂ ಬಂದಿರಲಿಲ್ಲ. ಪಾಠ ಮುಗಿದ ಮೇಲೆ ಮೈಕಿನ ಹುಡುಗಿ ನನ್ನ ಪಕ್ಕಕ್ಕೆ ಬಂದು, "ಮೇಡಂ, ಅವರ ಮಗಳು ಇದೇ ಸ್ಟೇಷನ್ನಲ್ಲಿ ಕಳೆದುಹೋದದ್ದು. ಒಂಬತ್ತು ವರ್ಷ ಆಯ್ತು" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀವು ಎಷ್ಟು ಸಲ ಹೇಳಿಲ್ಲ. ಅವತ್ತು ಕೋಣೆಗೆ ಬಂದು ಯಾರಿಗಾದರೂ ಹೇಳಿಕೊಳ್ಳಬೇಕು ಎನ್ನಿಸಿತು. ಕಾಗದ ತೆಗೆದುಕೊಂಡರೆ ಕೈ ನಿಮ್ಮ ವಿಳಾಸವನ್ನೇ ಬರೆಯಿತು.

ನೀವೇ ಬಾಯಿಬಡುಕಿ ಎಂದು ಬಿರುದು ಕೊಟ್ಟವಳು,
ನಿಮ್ಮ ಮಗಳು

ಜೂನ್ ೨೮

ಮಗಳಿಗೆ,

ಕಾಗದ ತಲುಪಿತು. ಹರಿಯಲಿಲ್ಲ. ನನ್ನ ಕಸುಬು ಹೊಲಿಯುವುದು.

ಸ್ಟ್ರಿಕ್ಟ್ ಎಂದರೇನು ಎಂದು ಪಕ್ಕದ ಔಷಧಿ ಅಂಗಡಿಯವನನ್ನು ಕೇಳಿದೆ. ಕಟ್ಟುನಿಟ್ಟು ಎಂದ. ಹಾಗೆ ಇದ್ದದ್ದಕ್ಕೇ ನಿನಗೆ ನಾಲ್ಕಕ್ಷರ ಬಂದದ್ದು. ಆದರೂ ಕೇಳುತ್ತೇನೆ, ಒಬ್ಬ ಮನುಷ್ಯನಿಗೆ ಒಂದೇ ಪದವೇ? ಒಂದು ಅಂಗಿ ಹೊಲಿಯಲೂ ಏಳೆಂಟು ಅಳತೆ ಬೇಕು.

ಆ ಹೆಂಗಸಿನ ವಿಷಯ ಓದಿ ಕತ್ತರಿ ಕೆಳಗಿಟ್ಟೆ. ಅವಳು ಈ ವಯಸ್ಸಿನಲ್ಲಿ ಇಂಗ್ಲಿಷ್ ಯಾಕೆ ಕಲಿಯುತ್ತಿದ್ದಾಳೆ? ಮುಂದಿನ ಬೆಂಚಿನಲ್ಲಿ ಯಾಕೆ ಕೂರುತ್ತಾಳೆ? ಅದನ್ನು ಕೇಳಿದೆಯಾ? ಕ್ಷಮಿಸಿ ಎಂದಾದರೂ ಹೇಳಿದೆಯಾ? ಮಾತು ಜಾಸ್ತಿ ಆಡುವವರು ಕೇಳಿಸಿಕೊಳ್ಳುವುದು ಕಡಿಮೆ.

ಮೊಣಕಾಲು ನೋವು ಹಾಗೇ ಇದೆ. ನೀನು ಕೇಳಲಿಲ್ಲ, ನಾನೇ ಹೇಳಿದೆ.

ಹೊಲಿಗೆ ಯಂತ್ರದ ಮುಂದಿನಿಂದ,
ಅಪ್ಪ

ಜುಲೈ ೧೯

ಅಪ್ಪನಿಗೆ,

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಿ. ಕೆಳಗೆ ಕೂತು ಗುಂಡಿ ಹುಡುಕುವುದನ್ನು ಬಿಡಿ.

ನೀವು ಹೇಳುವ ಮುಂಚೆಯೇ ಕ್ಷಮೆ ಕೇಳಿದ್ದೆ. ತಂಗುಕೋಣೆಗೆ ಹೋದಾಗ ಅಕ್ಕ ಬೆಂಚುಗಳನ್ನು ಒರೆಸುತ್ತಿದ್ದಳು. ನಾನು ತೊದಲುತ್ತಿದ್ದರೆ ಅವಳೇ ನನ್ನ ಕೈ ಹಿಡಿದು ಕೂರಿಸಿದಳು. "ಬೇಜಾರು ಮಾಡ್ಕೋಬೇಡಿ ಮೇಡಂ. ಇಷ್ಟು ವರ್ಷದಲ್ಲಿ ಅವಳನ್ನ ಕರ್ಕೊಂಡ್ ಬಾ ಅಂತ ಯಾರೂ ಅಂದಿರ್ಲಿಲ್ಲ. ಎಲ್ಲರೂ ಮರೆತುಬಿಡು ಅಂತಾನೇ ಅನ್ನೋದು. ಕೇಳೋಕೆ ಚೆನ್ನಾಗಿತ್ತು" ಎಂದಳು. ನಾನು ಅಳಲಿಲ್ಲ ಎಂದರೆ ನೀವು ನಂಬುವುದಿಲ್ಲ.

ನಡೆದದ್ದು ಇಷ್ಟು. ಗಂಡ ತೀರಿಕೊಂಡ ಮೇಲೆ ಮಗುವನ್ನು ಕರೆದುಕೊಂಡು ಅಣ್ಣನ ಮನೆಗೆ ಹೊರಟಿದ್ದಳು. ಇಲ್ಲಿ ಗಾಡಿ ಬದಲಿಸಬೇಕಿತ್ತು. ಮಗು ಕೈ ಬಿಡಿಸಿಕೊಂಡು ಸ್ವಲ್ಪ ದೂರ ಓಡಿ ನಿಂತಿತು. "ಬಾ ಅಂದೆ. ಬರಲ್ಲ ಅಂದ್ಲು. ಇನ್ನೊಂದ್ಸಲ ಬಾ ಅಂದೆ, ನಗ್ತಾ ಆ ಕಡೆ ಓಡಿದ್ಲು. ಅಷ್ಟೊತ್ತಿಗೆ ನಡುವೆ ಜನ ಬಂದ್ರು." ಎದುರು ಪ್ಲಾಟ್‌ಫಾರಂನಲ್ಲಿ ನಿಂತಿದ್ದ ಗಾಡಿ ಹೊರಟಿತು. ಜನ ಸರಿದಾಗ ಗಾಡಿಯೂ ಇಲ್ಲ, ಮಗುವೂ ಇಲ್ಲ. ಅಕ್ಕ ನಿಲ್ದಾಣ ಬಿಟ್ಟು ಕದಲಲಿಲ್ಲ. ಕೊನೆಗೆ ಆಗಿನ ಸ್ಟೇಷನ್ ಮಾಸ್ತರರು ಅವಳ ಕೈಗೆ ಪೊರಕೆ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡರು.

ಹುಡುಕದೆ ಬಿಟ್ಟಿಲ್ಲ. ಪೊಲೀಸರು ಆಗ ಎಲ್ಲ ಕಡೆ ಕಳಿಸಿದ ವಿವರದಲ್ಲಿ ಇದ್ದದ್ದು ಅದೇ ಮೂರು ಪದ: ಪುಟ್ಟ, ದುಂಡು, ಗುಂಗುರು. ಅಂಥ ಮಕ್ಕಳು ಲೋಕದಲ್ಲಿ ಎಷ್ಟು ಮಂದಿ ಇಲ್ಲ? ಫೋಟೊ ತೆಗೆಸಿರಲಿಲ್ಲ. ಈಚೆಗೆ ಅನಾಥ ಮಕ್ಕಳ ಮನೆಗಳನ್ನು ನೋಡಿಕೊಳ್ಳುವ ಒಬ್ಬ ಅಧಿಕಾರಿ ಹೆಂಗಸು ತಂಗುಕೋಣೆಯಲ್ಲಿ ಅರ್ಧ ದಿನ ಕೂತಿದ್ದಳಂತೆ. ಕಥೆ ಕೇಳಿ, ನಿನ್ನ ಮಗಳು ಹೇಗಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸು, ಆ ಗಾಡಿ ಹೋಗುವ ಬೇರೆ ಭಾಷೆಯ ಊರುಗಳ ಮನೆಗಳಿಗೆಲ್ಲ ನಾನು ತಲುಪಿಸುತ್ತೇನೆ ಎಂದು ವಿಳಾಸ ಕೊಟ್ಟು ಹೋಗಿದ್ದಾಳೆ. ಬೇರೆಯವರ ಕೈಲಿ ಬರೆಸಿದ್ದು ಸಾಕು, ಈ ಸಲ ನನ್ನ ಕೈಯಲ್ಲೇ ಬರೆಯುತ್ತೇನೆ ಎಂದು ಅಕ್ಕ ನನ್ನ ತರಗತಿಗೆ ಸೇರಿದ್ದು.

ಅವಳ ಒಪ್ಪಿಗೆ ಪಡೆದು ಇದನ್ನೇ ಪಾಠ ಮಾಡಿದೆ. ಬೋರ್ಡಿನ ತುಂಬ ಅವಳ ಮಗಳ ಪದಗಳನ್ನು ಬರೆದೆವು. ಆಮೇಲೆ ಒಂದೊಂದನ್ನೇ ಅಳಿಸಬೇಕಾಯಿತು. ಹುಡುಗಿಗೆ ಈಗ ಹನ್ನೆರಡು ವರ್ಷ. ಸ್ಮಾಲ್ ಹೋಯಿತು. ಫ್ಯಾಟ್ ಇರಲಿಕ್ಕಿಲ್ಲ, ಹೋಯಿತು. ಕರ್ಲಿಗಾಗಿ ಅಕ್ಕ ಜಗ್ಗಾಡಿದಳು. ಪೋರ್ಟರ್ ಅಣ್ಣ, "ನನ್ ಮಗಳಿಗೂ ಗುಂಗುರೇ ಇತ್ತು ಅಕ್ಕ, ಒಂದು ಜ್ವರ ಬಂದು ಕೂದಲೆಲ್ಲ ಉದುರಿ, ಆಮೇಲೆ ನೆಟ್ಟಗೆ ಬಂತು" ಎಂದ. ಎಡಗೈಯಲ್ಲಿ ತಿನ್ನುತ್ತಿದ್ದಳು ಎಂದಳು ಅಕ್ಕ. ಗುಮಾಸ್ತ ತನ್ನ ಬಲಗೈ ಎತ್ತಿ, "ನಾನೂ ಎಡಚನೇ. ಶಾಲೆಯಲ್ಲಿ ಹೊಡೆದು ಹೊಡೆದು ಈ ಕೈಗೆ ತಂದ್ರು" ಎಂದ. ಮಚ್ಚೆ? ಗಾಯದ ಗುರುತು? ಒಂದೂ ಇಲ್ಲ. "ಒಂದು ಗೀರೂ ಬೀಳದ ಹಾಗೆ ಸಾಕಿದ್ದೆ ಮೇಡಂ" ಎಂದು ಅಕ್ಕ ತಲೆ ತಗ್ಗಿಸಿದಳು.

ಬೋರ್ಡು ಖಾಲಿಯಾಯಿತು. ಅಪ್ಪಾ, ಮೂರು ವರ್ಷದ ಮಗುವಿನ ಬಗ್ಗೆ ಹೇಳಿದ್ದರಲ್ಲಿ ಹನ್ನೆರಡಕ್ಕೂ ಉಳಿಯುವ ಪದ ಯಾವುದು? ನಾನು ಕಲಿಸುವವಳು, ನನಗೇ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಸೀಮೆಸುಣ್ಣದ ಕೈಯವಳು,
ಮಗಳು

ಆಗಸ್ಟ್ ೪

ಮಗಳಿಗೆ,

ನನ್ನನ್ನು ಕೇಳಿದೆಯಲ್ಲ, ಅದೇ ದೊಡ್ಡದು.

ನಾನು ಮೂರು ತಲೆಮಾರಿಗೆ ಬಟ್ಟೆ ಹೊಲಿದವನು. ಮೈಯ ಅಳತೆ ಯಾವುದೂ ನಿಲ್ಲುವುದಿಲ್ಲ, ಅದನ್ನು ಆಸೆ ಮಾಡಬೇಡ. ಭುಜ, ಎದೆ, ತೋಳು ಎಲ್ಲ ಬದಲಾಗುತ್ತವೆ. ಆದರೆ ಅಳತೆ ತೆಗೆಯುವಾಗ ಮಗು ಹೇಗೆ ನಿಲ್ಲುತ್ತದೆ ಎಂಬುದು ಬದಲಾಗುವುದಿಲ್ಲ. ಒಂದು ಟೇಪು ನೋಡಿದರೆ ಓಡುತ್ತದೆ, ಒಂದು ನನ್ನ ಕೈಯಿಂದ ಟೇಪು ಕಿತ್ತುಕೊಂಡು ನನ್ನನ್ನೇ ಅಳೆಯುತ್ತದೆ. ಅದೇ ಮಕ್ಕಳು ಮದುವೆಯ ಬಟ್ಟೆಗೆ ಅಳತೆ ಕೊಡಲು ಬಂದಾಗಲೂ ಹಾಗೆಯೇ ನಿಲ್ಲುವುದನ್ನು ನೋಡಿ ನನಗೆ ಎಷ್ಟೋ ಸಲ ಮೈ ಜುಮ್ಮೆಂದಿದೆ. ಗಡ್ಡ ಬಂದಿರುತ್ತದೆ, ದನಿ ಒಡೆದಿರುತ್ತದೆ, ನಿಂತದ್ದು ಮಾತ್ರ ಅದೇ ಮಗು.

ನೀನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಉಸಿರು ಬಿಡು ಮಾರಾಯ್ತಿ, ಇಲ್ಲದಿದ್ದರೆ ಅಂಗಿಯ ಅಳತೆ ತಪ್ಪುತ್ತೆ ಎಂದರೂ ಬಿಡುತ್ತಿರಲಿಲ್ಲ.

ಆ ತಾಯಿಯನ್ನು ಕೇಳು, ಮಗು ಹೇಗೆ ನಿಲ್ಲುತ್ತಿತ್ತು ಎಂದು.

ಶಾಖ ಕೊಡುತ್ತಿದ್ದೇನೆ,
ಅಪ್ಪ

ಸೆಪ್ಟೆಂಬರ್ ೨

ಅಪ್ಪಾ,

ನಿಮ್ಮ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದೆ. ಸ್ಟ್ರಿಕ್ಟ್ ಅಪ್ಪ ಕೇಳಿದ್ದಾರೆ ಎಂದು ಹೇಳಿಯೇ ಕೇಳಿದೆ. ಎಲ್ಲರೂ ನೆಟ್ಟಗೆ ಕೂತರು.

ಅಕ್ಕ ಮೊದಲು, "ನಿಲ್ತಾನೇ ಇರ್ಲಿಲ್ಲ" ಎಂದಳು. ಆಮೇಲೆ ಅವಳ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ನಗು ಬಂತು. "ಏನ್ ಹೇಳಿದ್ರೂ ಅಲ್ಲ ಅನ್ನೋದು ಮೇಡಂ. ಹಾಲು ಬಿಸಿ ಇದೆ ಅಂದ್ರೆ ಬಿಸಿ ಅಲ್ಲ. ರಾತ್ರಿ ಆಯ್ತು ಮಲಕ್ಕೋ ಅಂದ್ರೆ ರಾತ್ರಿ ಅಲ್ಲ. ನನ್ನ ಚಿನ್ನ ಅಂತ ಮುದ್ದು ಮಾಡಿದ್ರೆ, ಚಿನ್ನ ಅಲ್ಲ! ಅಷ್ಟುದ್ದ ಇದ್ಲು. ಎಲ್ಲಿಂದ ಬಂತೋ ಆ ಹಟ."

ಎಲ್ಲರೂ ನಕ್ಕರು. ನಾನು ಬೋರ್ಡಿನಲ್ಲಿ ಸ್ಟಬ್ಬರ್ನ್ ಎಂದು ಬರೆದೆ. ಹಟಮಾರಿ. ಪೋರ್ಟರ್ ಅಣ್ಣ ತಲೆಯಾಡಿಸಿದ. "ಅನಾಥ ಮಕ್ಕಳ ಮನೇಲಿ ಹಟ ನಡೆಯುತ್ತಾ ಅಕ್ಕ? ಯಾರು ಸಹಿಸ್ತಾರೆ? ಈಗ ಬಾಲ ಮುದುರಿಕೊಂಡಿರ್ತಾಳೆ."

ಅಕ್ಕ ಅವನ ಕಡೆ ತಿರುಗಿ, ಒಂಚೂರೂ ಕೋಪವಿಲ್ಲದೆ, "ಅದು ಹೋಗಿದ್ರೆ ಅವಳು ಬದುಕೇ ಇರಲ್ಲ ಅಣ್ಣ. ಅವಳನ್ನ ಉಳಿಸಿರೋದು ಅದೇ" ಎಂದಳು.

ಗಾಡಿ ಬಂತು. ಗೋಡೆ ನಡುಗಿತು. ಪುಡಿ ಉದುರುತ್ತಿರುವಾಗ ನಾವೆಲ್ಲ ಆ ಒಂದು ಪದವನ್ನು ನೋಡುತ್ತ ಕೂತೆವು. ಯಾವ ಹಟ ಮಗುವನ್ನು ಅವಳ ಕೈಯಿಂದ ದೂರ ಓಡಿಸಿತೋ, ಅದರ ಮೇಲೆಯೇ ಅವಳ ನಂಬಿಕೆಯೆಲ್ಲ. ಶಪಿಸಬಹುದಾಗಿದ್ದ ಗುಣವನ್ನು ಇಷ್ಟು ವರ್ಷ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದಾಳೆ. ಎಷ್ಟೋ ತರಗತಿಗಳಲ್ಲಿ ಈ ಪದ ಕಲಿಸಿದ್ದೇನೆ, ಇದರ ಮುಂದೆ ಹೀಗೆ ಬೆರಗಾಗಿ ಕೂತದ್ದು ಇದೇ ಮೊದಲು.

ಅಕ್ಕನೇ ತನ್ನ ಕೈಯಲ್ಲಿ ಬರೆದಳು. ಯಾವ ದಿನ, ಯಾವ ಗಾಡಿ, ಆಗ ಹೇಗಿದ್ದಳು, ಆಮೇಲೆ ಕೊನೆಯಲ್ಲಿ ಈ ಪದ. ಗುಮಾಸ್ತ ಅಕ್ಷರ ಅಕ್ಷರ ಪರೀಕ್ಷೆ ಮಾಡಿ ಸರಿ ಇದೆ ಎಂದ ಮೇಲೆ ಅಂಚೆಗೆ ಹಾಕಿದೆವು.

ಉಸಿರು ಬಿಗಿಹಿಡಿದು ಕಾಯುತ್ತಿರುವ,
ನಿಮ್ಮ ಮಗಳು

ಡಿಸೆಂಬರ್ ೫

ಅಪ್ಪಾ,

ಉತ್ತರ ಬಂತು! ದೂರದ ಒಂದು ಊರಿನ ಮಕ್ಕಳ ಮನೆಯಿಂದ. ಅಲ್ಲಿನ ಮೇಲ್ವಿಚಾರಕಿ ಅಕ್ಕನಿಗೆ ಬರೆದದ್ದು ಹೀಗೆ: "ನೀವು ಹೇಳಿದ ದಿನವೇ ಹೊರಟ ಅದೇ ಗಾಡಿಯಲ್ಲಿ, ಕೊನೆಯ ನಿಲ್ದಾಣದಲ್ಲಿ, ಸೀಟಿನ ಕೆಳಗೆ ಮಲಗಿದ್ದ ಮಗುವನ್ನು ನಮಗೆ ಒಪ್ಪಿಸಿದರು. ಅವಳು ಈಗ ಪುಟ್ಟವಳಲ್ಲ, ದುಂಡಗಿಲ್ಲ, ಕೂದಲು ಗುಂಗುರಲ್ಲ. ನಿಮ್ಮ ಕೊನೆಯ ಪದದ ಬಗ್ಗೆ ಹೇಳುವುದಾದರೆ, ನಮ್ಮ ಅಡುಗೆಯವಳಿಂದ ಹಿಡಿದು ಡಾಕ್ಟರರವರೆಗೆ ಯಾರನ್ನು ಬೇಕಾದರೂ ಕೇಳಬಹುದು."

ಇದನ್ನು ಓದಿ ಹೇಳಿದಾಗ ಅಕ್ಕ ಬೆಂಚಿನಿಂದ ಇಳಿದು ನೆಲದ ಮೇಲೆ ಕೂತುಬಿಟ್ಟಳು. ಮೈಕಿನ ಹುಡುಗಿ ಅಳುತ್ತಲೇ ಓಡಿಹೋಗಿ ಮೈಕಿನಲ್ಲಿ ಒಂದು ಗಾಡಿಯ ಹೆಸರನ್ನು ತಪ್ಪು ಹೇಳಿದಳಂತೆ.

ಆದರೆ ಕಾಗದದಲ್ಲಿ ಇನ್ನೂ ಎರಡು ಮಾತಿದೆ. ಹುಡುಗಿಗೆ ನಮ್ಮ ಭಾಷೆ ಒಂದಕ್ಷರವೂ ಉಳಿದಿಲ್ಲ, ಅಲ್ಲಿ ಇಂಗ್ಲಿಷೇ ಎಲ್ಲ. ಎರಡನೆಯದು ಹೆಚ್ಚು ಕಷ್ಟದ್ದು. ಅಮ್ಮ ಬರುತ್ತಾಳಂತೆ ಎಂದರೆ ಅವಳು, ನನಗೆ ಯಾವ ಅಮ್ಮನೂ ಬೇಡ ಎಂದಿದ್ದಾಳೆ. ಅವಳೇ ಒಪ್ಪದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಅದನ್ನು ತಿಳಿದುಕೊಂಡು ಬನ್ನಿ ಎಂದು ಬರೆದಿದ್ದಾರೆ.

ಅನುವಾದಕ್ಕೆ ನಾನೂ ಅಕ್ಕನ ಜೊತೆ ಹೋಗುತ್ತಿದ್ದೇನೆ. ಮಗಳಿಗೆ ಒಂದು ಹೊಸ ಅಂಗಿ ತಗೊಂಡು ಹೋಗಬೇಕು ಎಂಬುದು ಅವಳ ಆಸೆ. ಅಂಗಡಿಯಲ್ಲಿ ಅಳತೆ ಕೇಳಿದರೆ ಏನು ಹೇಳುವುದೆಂದು ತಿಳಿಯದೆ ಹಾಗೇ ವಾಪಸು ಬಂದಳು.

ಅವಸರದಲ್ಲಿ,
ಮಗಳು

ಡಿಸೆಂಬರ್ ೧೬

ಮಗಳಿಗೆ,

ಇದರ ಜೊತೆಗಿರುವ ಕಟ್ಟನ್ನು ಆ ತಾಯಿಗೆ ಕೊಡು. ಅಂಗಿ ಹೊಲಿದಿದ್ದೇನೆ, ನೀಲಿ ಬಣ್ಣ. ಅಳತೆ ಇಲ್ಲದೆ ಕತ್ತರಿ ಹಾಕಿದ್ದು ಈ ಕೈಗೆ ಇದೇ ಮೊದಲು. ಬೆಳೆಯುವ ಮಕ್ಕಳಿಗೆ ನಾವು ಅಂಚಿನಲ್ಲಿ ಬಟ್ಟೆ ಮಡಚಿ ಒಳಗೆ ಬಿಡುತ್ತೇವೆ. ಇದರಲ್ಲಿ ಎಲ್ಲ ಕಡೆ ಬಿಟ್ಟಿದ್ದೇನೆ. ಚಿಕ್ಕದಾಗುವುದಿಲ್ಲ, ದೊಡ್ಡದಾದರೆ ಬೈದುಕೊಳ್ಳಲಿ.

ಬೇಡ ಎಂದಿದ್ದಾಳೆ ಎಂದು ಆ ತಾಯಿ ಹೆದರುವುದು ಬೇಡ. ಬೇಡ ಎಂದವರೆಲ್ಲ ಬೇಡವೆಂದೇ ಹೇಳಿದ್ದಲ್ಲ. ನಮ್ಮ ಮನೆಯಲ್ಲೂ ಇಬ್ಬರು ಹಾಗೆ ಹೇಳಿದ್ದುಂಟು.

ನಿನಗೂ ಒಂದು ಹೊಲಿಯೋಣವೆಂದು ಬಟ್ಟೆ ತೆಗೆದಿಟ್ಟೆ. ನನ್ನ ಹತ್ತಿರ ಇರುವ ನಿನ್ನ ಭುಜದ ಅಳತೆ ಬಹಳ ಹಳೆಯದು. ಈಗಿನದು ಬರೆದು ಕಳಿಸು.

ಅಪ್ಪ

ಜನವರಿ ೯

ಅಪ್ಪಾ,

ಮೊದಲು ನಿಮ್ಮ ವಿಷಯ. ಅಳತೆ ಬರೆದು ಕಳಿಸುವುದಿಲ್ಲ. ಭುಜದ ಅಳತೆಯನ್ನು ತಾನೇ ತೆಗೆದುಕೊಳ್ಳಲಾಗುವುದಿಲ್ಲ, ಬೇರೆಯವರು ಟೇಪು ಹಿಡಿಯಬೇಕು ಎಂದು ಕಲಿಸಿದವರು ನೀವೇ. ತಿಂಗಳ ಕೊನೆಗೆ ರಜೆ ಇದೆ. ಬರುತ್ತೇನೆ.

ಈಗ ಅವರ ವಿಷಯ. ಹೇಗೆ ಹೇಳಲಿ?

ಗಾಡಿಯಲ್ಲಿ ಅಕ್ಕನಿಗೆ ಕೆಲವು ವಾಕ್ಯ ಬಾಯಿಪಾಠ ಮಾಡಿಸಿದ್ದೆ. ನಾನು ನಿನ್ನ ಅಮ್ಮ. ನಿನ್ನನ್ನು ತುಂಬ ಹುಡುಕಿದೆ. ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದಳು. ಮಕ್ಕಳ ಮನೆಯಲ್ಲಿ ನಮ್ಮನ್ನು ಒಂದು ಉದ್ದನೆಯ ಕೋಣೆಯಲ್ಲಿ ಕೂರಿಸಿದರು. ಒಂದು ಮೇಜು, ನಾಲ್ಕು ಕುರ್ಚಿ, ಕಿಟಕಿಯಾಚೆ ಒಣಹಾಕಿದ ಒಂದೇ ಬಣ್ಣದ ಅಂಗಿಗಳು. ಮೇಲ್ವಿಚಾರಕಿ ದಪ್ಪ ಕನ್ನಡಕದ, ಸ್ವಲ್ಪ ಕುಂಟುವ ಹೆಂಗಸು. ಅವರು ಹೋಗಿ ಹುಡುಗಿಯನ್ನು ಕರೆತಂದರು.

ಅವಳು ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಗಲ್ಲ ಎತ್ತಿ ನಿಂತಳು.

ಅಕ್ಕ ಎದ್ದಳು. ಬಾಯಿ ತೆರೆದಳು. ಕಲಿಸಿದ ವಾಕ್ಯ ಒಂದೂ ಬರಲಿಲ್ಲ. ನನ್ನ ಕಡೆಗೂ ತಿರುಗಲಿಲ್ಲ. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ತನಗೆ ಭಯವಿಲ್ಲದೆ ಬರುತ್ತಿದ್ದ ಒಂದೇ ಇಂಗ್ಲಿಷನ್ನು, ನನ್ನ ಗೋದಾಮಿನಲ್ಲಿ ಕಲಿತದ್ದನ್ನು, ಮೆಲ್ಲಗೆ ಆಡಿದಳು.

"ಟಾಲ್" ಎಂದಳು.

ಹುಡುಗಿ ಹುಬ್ಬು ಗಂಟಿಕ್ಕಿದಳು. "ನಾಟ್ ಟಾಲ್."

"ಥಿನ್."

"ನಾಟ್ ಥಿನ್."

"ಲಾಂಗ್ ಹೇರ್."

"ನಾಟ್ ಲಾಂಗ್!" ಸೊಂಟ ಮುಟ್ಟುವ ಜಡೆ ಇಟ್ಟುಕೊಂಡು ಹೀಗೆಂದಳು.

ಮುಗಿಯಿತು, ಇವಳು ಬರುವುದಿಲ್ಲ ಎಂದುಕೊಂಡೆ. ಅಕ್ಕನ ಕಡೆ ನೋಡಿದರೆ, ಅಪ್ಪಾ, ಅವಳು ನಗುತ್ತಿದ್ದಳು! ಕೆನ್ನೆಯ ಮೇಲೆ ನೀರು ಧಾರಾಕಾರ, ಬಾಯಿ ತುಂಬ ನಗು. ತನಗೆ ಬರುವ ಪದಗಳನ್ನೆಲ್ಲ ಒಂದಾದ ಮೇಲೊಂದು ಮಗಳ ಮುಂದೆ ಇಡುತ್ತ ಹೋದಳು. ಯಂಗ್, ಸ್ಟ್ರಾಂಗ್, ಕ್ಲೀನ್. ಹುಡುಗಿ ಒಂದೊಂದಕ್ಕೂ ನಾಟ್, ನಾಟ್ ಎನ್ನುತ್ತ, ತನಗೇ ತಿಳಿಯದೆ ಚೌಕಟ್ಟು ಬಿಟ್ಟು ಮೇಜಿನವರೆಗೆ ಬಂದಿದ್ದಳು. ಕೊನೆಗೆ ಅಕ್ಕ "ಬ್ಯೂಟಿಫುಲ್" ಎಂದಳು. ಹುಡುಗಿ ಬಾಯಿ ತೆರೆದು ಮುಚ್ಚಿದಳು. ಅದಕ್ಕೆ ಮಾತ್ರ ನಾಟ್ ಬರಲಿಲ್ಲ.

ಅಕ್ಕನ ಪದಗಳು ಮುಗಿದವು. ಈಗ ಹುಡುಗಿ ಅವಳನ್ನು ನೋಡತೊಡಗಿದಳು. ನೆರೆತ ಕೂದಲು, ಒರಟು ಕೈ, ಎಲ್ಲ ನೋಡಿ ತೀರ್ಪು ಕೊಟ್ಟಳು.

"ಓಲ್ಡ್."

"ನಾಟ್ ಓಲ್ಡ್!" ಎಂದಳು ಅಕ್ಕ, ತಟ್ಟನೆ, ಅದೇ ದನಿಯಲ್ಲಿ, ಅದೇ ಗಲ್ಲ ಎತ್ತಿ.

ಆ ಹಟ ಎಲ್ಲಿಂದ ಬಂತೋ ಎಂದಿದ್ದಳಲ್ಲ. ಮೇಲ್ವಿಚಾರಕಿ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಹುಡುಗಿ ಮೊದಲು ಬೆಪ್ಪಾದಳು, ಆಮೇಲೆ ನಕ್ಕಳು. ನಿಮ್ಮ ನೀಲಿ ಅಂಗಿಯನ್ನು ಹಾಕಿದ್ದ ಬಟ್ಟೆಯ ಮೇಲೆಯೇ ತೊಟ್ಟು ನೋಡಿದಳು. ತೋಳು ಬೆರಳು ದಾಟಿ ಜೋಲಾಡುತ್ತಿತ್ತು. ದೊಡ್ಡದಾಯಿತು, ಬಿಗ್ ಎಂದೆ ನಾನು. ಏನೆಂದಳು ಎಂದು ನಿಮಗೇ ಗೊತ್ತು.

ಆದರೆ ಒಪ್ಪಿಗೆ ಕೇಳಲೇಬೇಕಿತ್ತು. ಅಮ್ಮನ ಜೊತೆ ಹೋಗುತ್ತೀಯಾ ಎಂದು ನಾನು ಕೇಳಲು ಹೊರಟೆ. ಮೇಲ್ವಿಚಾರಕಿ ನನ್ನ ಮೊಣಕೈ ಹಿಡಿದು ತಡೆದರು. ಒಂಬತ್ತು ವರ್ಷ ಅವಳ ಜಡೆ ಹೆಣೆದವರು ಅವರು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ದನಿ ನಡುಗದ ಹಾಗೆ ನೋಡಿಕೊಳ್ಳುತ್ತ, ಇಂಗ್ಲಿಷಿನಲ್ಲಿ ಕೇಳಿದರು: "ಹಾಗಾದರೆ ನೀನು ನನ್ನ ಹತ್ತಿರ ಇಲ್ಲೇ ಇರುತ್ತೀಯ, ಅಲ್ಲವೇ?"

ಹುಡುಗಿ ಅವರ ಬೆನ್ನನ್ನು ತುಂಬ ಹೊತ್ತು ನೋಡಿದಳು. ಹೋಗಿ ಆ ಬೆನ್ನನ್ನು ಹಿಂದಿನಿಂದ ಬಿಗಿಯಾಗಿ ತಬ್ಬಿಕೊಂಡಳು. ಜೋಲು ತೋಳುಗಳು ಅವರನ್ನು ಸು‌ತ್ತಿಕೊಂಡವು.

"ನೋ" ಎಂದಳು.

ಅಕ್ಕನಿಗೆ ಅರ್ಥ ಹೇಳೋಣವೆಂದು ತಿರುಗಿದೆ. ಅವಳು ಆಗಲೇ ಬಗ್ಗಿ ಮಗಳ ಚಪ್ಪಲಿ ಹುಡುಕುತ್ತಿದ್ದಳು.

ನಿಮ್ಮ ಹಟಮಾರಿ,
ಮಗಳು